ಆರು ಸಾವಿರ ವರ್ಷದ ಲೋಕ: ಎರವಲು ವಾದದ ಅಪಾಯ

ಲೋಕಕ್ಕೆ ಆದಿಯುಂಟೆ? ಉಂಟಾದರೆ ಅದನ್ನು ನಿರ್ಮಿಸಿದ ಕರ್ತನೊಬ್ಬನುಂಟೆ? ಈ ಪ್ರಶ್ನೆಗಳು ಪಂಡಿತರ ಕಾಲಕ್ಷೇಪಕ್ಕಾಗಿ ಹುಟ್ಟಿದವಲ್ಲ. ಇವುಗಳಿಗೆ ಕೊಡುವ ಉತ್ತರದ ಮೇಲೆಯೇ ಪಾಪಪುಣ್ಯಗಳ ಹೊಣೆ ಯಾರದೆಂಬುದು ನಿಶ್ಚಯವಾಗುತ್ತದೆ. ಕರ್ತನಿದ್ದರೆ ಕೊನೆಯ ಹೊಣೆ ಅವನದು. ಇಲ್ಲವಾದರೆ ಅದು ಪ್ರತಿಯೊಂದು ಜೀವದ್ದು. ಜಿನಧರ್ಮವು ಎರಡನೆಯ ಉತ್ತರವನ್ನು ಆರಿಸಿಕೊಂಡು ಶತಮಾನಗಳೇ ಕಳೆದಿವೆ. ಆದರೂ ಇಂದು ಕೆಲವು ಶ್ರಾವಕರ ಮನೆಗಳಲ್ಲಿ, ಪಾಠಶಾಲೆಗಳಲ್ಲಿ, ಡಾರ್ವಿನ್ನನನ್ನು ಖಂಡಿಸುವ ಉತ್ಸಾಹದಲ್ಲಿ ಮೊದಲನೆಯ ಉತ್ತರದ ವಾದಗಳು ಅರಿವಿಲ್ಲದೆ ಒಳನುಗ್ಗುತ್ತಿವೆ. ಆ ವಾದಗಳು ಎಲ್ಲಿ ಹುಟ್ಟಿದವು, ಅವುಗಳ ಬೆಲೆಯೆಷ್ಟು ಎಂಬುದನ್ನು ವಿಚಾರಿಸುವುದು ಅಗತ್ಯವಾಗಿದೆ.

ಲಂಡನ್ ಮಿಶನ್ನಿನವರು ಬೆಳಗಾವಿಗೆ ಬಂದು ನೆಲೆಸಿದ್ದು 1820ರಲ್ಲಿ. ಕಿತ್ತೂರಿನ ಯುದ್ಧಕ್ಕೆ ನಾಲ್ಕು ವರ್ಷ ಮೊದಲು. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯು ವರ್ಷಾನುವರ್ಷ ಶ್ರಮಿಸಿ ಬೈಬಲ್ಲನ್ನು ಕನ್ನಡಕ್ಕೆ ತಂದನು. ಹೀಗೆ ಆದಿಕಾಂಡದ ಸೃಷ್ಟಿಕಥೆಯು ತೊರಗಲ್ ನಾಡಿನ ಸುತ್ತಲಿನ ಊರುಗಳಿಗೆ ಅಚ್ಚಿನ ಅಕ್ಷರದಲ್ಲಿ ಪರಿಚಯವಾಯಿತು. ಮಿಶನ್ನಿನವರು ಈ ನಾಡಿಗೆ ಶಾಲೆಗಳನ್ನು, ಅಚ್ಚುಕೂಟಗಳನ್ನು, 1894ರಲ್ಲಿ ಕಿಟ್ಟೆಲರ ನಿಘಂಟನ್ನು ಕೊಟ್ಟರು. ಆ ಉಪಕಾರವನ್ನು ಕನ್ನಡಿಗರಾರೂ ಮರೆಯಲಾರರು. ಉಪಕಾರ ಸ್ಮರಣೆ ಬೇರೆ, ಸಿದ್ಧಾಂತದ ವಿಮರ್ಶೆ ಬೇರೆ.

ಆರು ಸಾವಿರದ ಲೆಕ್ಕ

ಈ ಲೋಕವು ಆರು ಹಗಲುಗಳಲ್ಲಿ ನಿರ್ಮಿತವಾಯಿತು, ಅದರ ವಯಸ್ಸು ಸುಮಾರು ಆರು ಸಾವಿರ ವರ್ಷ ಮಾತ್ರ ಎಂದು ನಂಬುವ ಕ್ರೈಸ್ತ ಪಂಗಡಗಳುಂಟು. ಈ ಲೆಕ್ಕವನ್ನು ಪ್ರಸಿದ್ಧಿಗೆ ತಂದವನು ಐರ್ಲೆಂಡಿನ ಆರ್ಚ್ ಬಿಷಪ್ ಜೇಮ್ಸ್ ಅಶರ್. 1650ರಲ್ಲಿ ಪ್ರಕಟವಾದ ಅವನ ಗ್ರಂಥವು ಸೃಷ್ಟಿಯ ಕಾಲವನ್ನು ಕ್ರಿ.ಪೂ. 4004ರ ಅಕ್ಟೋಬರ್ ತಿಂಗಳೆಂದು ನಿರ್ಣಯಿಸಿತು. ಮುಂದೆ 18ನೆಯ ಶತಮಾನದ ಆರಂಭದಿಂದ ಇಂಗ್ಲಿಷ್ ಬೈಬಲ್ಲಿನ ಅಂಚಿನಲ್ಲಿ ಈ ವರ್ಷಗಳು ಅಚ್ಚಾಗತೊಡಗಿದವು. ಅಂಚಿನಲ್ಲಿದ್ದುದನ್ನು ಓದುಗರು ಮೂಲವೆಂದೇ ಭಾವಿಸಿದರು.

ಅಶರನು ಅಲ್ಪಜ್ಞನಾಗಿರಲಿಲ್ಲ, ತನ್ನ ಕಾಲದ ದೊಡ್ಡ ವಿದ್ವಾಂಸನಾಗಿದ್ದನು. ಆದಾಮನಿಗೆ 130 ವರ್ಷವಾದಾಗ ಸೇತನು ಹುಟ್ಟಿದನು, ಸೇತನಿಗೆ ಇಂತಿಷ್ಟಾದಾಗ ಅವನ ಮಗನು ಹುಟ್ಟಿದನು ಎಂದು ಆದಿಕಾಂಡವು ಕೊಡುವ ವಂಶಾವಳಿಯನ್ನು ಅವನು ಕೂಡಿಸಿದನು. ಕೂಡಿಸುವಿಕೆಯಲ್ಲಿ ತಪ್ಪಿಲ್ಲ. ತಪ್ಪಿರುವುದು ಮೂಲ ವಹಿಯನ್ನು ಪರೀಕ್ಷಿಸದೆ ಮೊತ್ತವನ್ನು ನಂಬಿದುದರಲ್ಲಿ. ಸೃಷ್ಟಿಯಿಂದ ಜಲಪ್ರಳಯದವರೆಗೆ ಹೀಬ್ರೂ ಪ್ರತಿಯ ಪ್ರಕಾರ 1656 ವರ್ಷ. ಸಮಾರ್ಯದವರ ಪ್ರತಿಯ ಪ್ರಕಾರ 1307 ವರ್ಷ. ಗ್ರೀಕ್ ಅನುವಾದದ ಪ್ರಕಾರ ಹೀಬ್ರೂ ಲೆಕ್ಕಕ್ಕಿಂತ ಸುಮಾರು ಆರುನೂರು ವರ್ಷ ಹೆಚ್ಚು. ಬೈಜಾಂಟಿಯಮ್ಮಿನ ಕ್ರೈಸ್ತರು ಸೃಷ್ಟಿಯನ್ನು ಕ್ರಿ.ಪೂ. 5509ಕ್ಕೆ ಇಟ್ಟರು, ಯೆಹೂದ್ಯರ ಪಂಚಾಂಗವು ಕ್ರಿ.ಪೂ. 3761ಕ್ಕೆ ಇಡುತ್ತದೆ. ಒಂದೇ ವ್ಯವಹಾರಕ್ಕೆ ಮೂರು ವಹಿಗಳಿದ್ದು ಮೂರರಲ್ಲಿಯೂ ಬೇರೆ ಬೇರೆ ಶಿಲ್ಕು ಬಂದರೆ ಯಾವ ವ್ಯಾಪಾರಿಯೂ ಅದಕ್ಕೆ ಸಹಿ ಹಾಕಲಾರನು.

ಅಶರನ ಲೆಕ್ಕದಂತೆ ಭೂಮಂಡಲವನ್ನೆಲ್ಲ ಮುಳುಗಿಸಿದ ಪ್ರಳಯವು ಕ್ರಿ.ಪೂ. 2348ರಲ್ಲಿ ನಡೆಯಿತು. ಸಿಂಧೂ ಕಣಿವೆಯ ನಗರಗಳು ಸುಮಾರು ಕ್ರಿ.ಪೂ. 2600ರಿಂದ 1900ರವರೆಗೆ ತೂಕದ ಕಲ್ಲು, ಮುದ್ರೆ, ಚರಂಡಿಗಳ ಸಹಿತ ಬಾಳಿದುವು. ಈಜಿಪ್ಟಿನ ಮಹಾ ಪಿರಮಿಡ್ಡು ಅದಕ್ಕೂ ಸುಮಾರು ಇನ್ನೂರು ವರ್ಷ ಮೊದಲೇ ಎದ್ದು ನಿಂತಿತ್ತು. ಹರಪ್ಪದ ವರ್ತಕನು ತನ್ನ ತಕ್ಕಡಿಯನ್ನು ಕೆಳಗಿಡದೆ, ಈಜಿಪ್ಟಿನ ರಾಜವಂಶಗಳು ಕಡಿಯದೆ ಆ ಪ್ರಳಯವು ಹಾದುಹೋಯಿತೆಂದು ಹೇಳಬೇಕಾಗುತ್ತದೆ.

ತೊರಗಲ್ ನಾಡಿನ ಕಲ್ಲುಗಳ ಸಾಕ್ಷ್ಯ

ಸಾಕ್ಷಿಗಾಗಿ ಈಜಿಪ್ಟಿಗೆ ಹೋಗಬೇಕಾಗಿಯೂ ಇಲ್ಲ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಯು ಗುಡ್ಡವನ್ನು ಸೀಳಿಕೊಂಡು ಹರಿಯುವುದನ್ನು ಈ ಭಾಗದ ಪ್ರತಿಯೊಬ್ಬರೂ ಕಂಡಿದ್ದಾರೆ. ಸವದತ್ತಿಯಿಂದ ರಾಮದುರ್ಗ, ಬಾದಾಮಿಗಳವರೆಗೆ ಹಬ್ಬಿರುವ ಈ ಮರಳುಗಲ್ಲಿನ ಸಾಲುಗಳಿಗೆ ಬಾಗಲಕೋಟೆ ಜಿಲ್ಲೆಯ ಕಲಾದಗಿ ಗ್ರಾಮದ ಹೆಸರನ್ನು ಕೊಟ್ಟವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಈ ಸೀಮೆಯ ಶಿಲೆಗಳನ್ನು ಕುರಿತ ಅವನ ವರದಿಯು 1876ರಲ್ಲಿ ಪ್ರಕಟವಾಯಿತು. ಗೋಕಾಕದ ಸೀಮೆಯಲ್ಲಿ ಅವನಿಗೆ ಇಂದು ಈ ನಾಡಿನಲ್ಲಿ ಎಲ್ಲಿಯೂ ಇಲ್ಲದ ಖಡ್ಗಮೃಗದ ಎಲುಬುಗಳು ದೊರೆತವು. ಮಲಪ್ರಭಾ, ಘಟಪ್ರಭಾ ಕಣಿವೆಗಳಲ್ಲಿ ಆದಿಮಾನವನ ಕಲ್ಲಿನ ಆಯುಧಗಳು ದೊರೆತವು. ಈ ಫೂಟ್ ನಾಸ್ತಿಕನೂ ಅಲ್ಲ, ಮಿಶನ್ನಿನ ವೈರಿಯೂ ಅಲ್ಲ. ಕ್ರೈಸ್ತ ಮಿಶನರಿಯೊಬ್ಬನ ಅಳಿಯ.

ಈ ಕಲ್ಲುಗಳು ಹೇಳುವ ಕಥೆಯನ್ನು ಅಕ್ಷರ ಬಾರದವನೂ ಓದಬಹುದು. ಬಂಡೆಯ ಮೈಮೇಲೆ ಹಳ್ಳದ ಮರಳಿನಲ್ಲಿ ಕಾಣುವಂಥ ಅಲೆಯ ಗೆರೆಗಳಿವೆ. ಅವು ಆಳವಿಲ್ಲದ ನೀರಿನಲ್ಲಿ ಮೂಡಿದವು. ಕೆಲವು ಪದರಗಳಲ್ಲಿ ಬೇಸಿಗೆಯ ಕೆರೆಯಂಗಳದಂತೆ ಬಿರುಕುಬಿಟ್ಟ ಕೆಸರಿನ ಗುರುತುಗಳಿವೆ. ಅವು ಬಿಸಿಲಿನಲ್ಲಿ ಒಣಗದೆ ಉಂಟಾಗಲಾರವು. ಇಂಥ ಪದರಗಳು ಒಂದರ ಮೇಲೊಂದು ಕೂಡಿ ಗುಡ್ಡವಾಗಿವೆ. ಅಷ್ಟೇ ಅಲ್ಲ, ಕೆಳಗಿನ ಬಾಗಲಕೋಟೆ ಸಮೂಹದ ಪದರಗಳು ಮೊದಲು ಗಟ್ಟಿಯಾಗಿ, ಆಮೇಲೆ ಮಡಿಚಿ ಓರೆಯಾಗಿ, ಗಾಳಿಮಳೆಗೆ ಸವೆದ ನಂತರ, ಅವುಗಳ ಮೇಲೆ ಬಾದಾಮಿ ಸಮೂಹದ ಪದರಗಳು ಚಪ್ಪಟೆಯಾಗಿ ಹಾಸಿಕೊಂಡಿವೆ. ಒಂದು ವರ್ಷದ ಪ್ರಳಯಜಲದಲ್ಲಿ ಕೆಸರು ಮುಳುಗಿಯೂ ಇದ್ದು, ಒಣಗಿಯೂ ಬಿರಿದು, ಕಲ್ಲಾಗಿ, ಓರೆಯಾಗಿ, ಸವೆದು, ಮತ್ತೆ ಮರಳು ಹೊದೆಯಿತೆಂದು ಹೇಳುವುದು ಯುಕ್ತಿಗೆ ನಿಲುಕದ ಮಾತು.

ಕಲಾದಗಿ ಶ್ರೇಣಿಯ ಕೆಳಗಿನ ಶಿಲೆಗಳ ವಯಸ್ಸು ನೂರು ಕೋಟಿ ವರ್ಷಗಳಿಗೂ ಮಿಕ್ಕದ್ದು. ಅವುಗಳಿಗೂ ಕೆಳಗಿರುವ ಧಾರವಾಡದ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಬೆಳಗಾವಿ ಜಿಲ್ಲೆಯ ಉತ್ತರ ಹಾಗೂ ಪಶ್ಚಿಮ ಭಾಗಗಳನ್ನು ಮುಚ್ಚಿ, ಸವೆದು ಎರೆಮಣ್ಣಾಗಿರುವ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾರಸ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷವೆಂದು ಯುರೇನಿಯಮ್ ಸೀಸವಾಗಿ ಮಾರ್ಪಡುವ ಪ್ರಮಾಣದಿಂದ ಗಣಿಸಲಾಗಿದೆ.

ಅಲ್ಪಾಯು ಭೂಮಿಯ ವಾದಿಗಳು ಇದಕ್ಕೂ ಉತ್ತರ ಕೊಡದೆ ಇಲ್ಲ. ಹಿಂದೆ ಆ ಮಾರ್ಪಾಟು ಅತಿವೇಗವಾಗಿ ನಡೆದಿರಬಹುದೆಂದು ಅವರು ವಾದಿಸುತ್ತಾರೆ. ಆದರೆ ಅಷ್ಟು ವೇಗವಾಗಿ ನಡೆದಿದ್ದರೆ ಹೊಮ್ಮುವ ಶಾಖದಿಂದ ಭೂಮಿಯೇ ಕರಗಬೇಕಾಗುತ್ತಿತ್ತು. ಈ ತೊಡಕು ತಮಗೆ ಬಿಡಿಸಲಾಗದೆ ಉಳಿದಿದೆಯೆಂದು 2005ರಲ್ಲಿ ಮುಗಿದ ಅವರದೇ ಸಂಶೋಧನೆಯು ಒಪ್ಪಿಕೊಂಡಿತು. 1857ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬವನು ಇನ್ನೊಂದು ದಾರಿ ಹುಡುಕಿದ್ದನು. ದೇವರು ಲೋಕವನ್ನು ಹಳೆಯದಾಗಿ ಕಾಣುವಂತೆಯೇ ನಿರ್ಮಿಸಿದನೆಂಬುದು ಅವನ ವಾದ. ಹೊಸ ಕಾಗದಕ್ಕೆ ಹೊಗೆ ಹಿಡಿಸಿ ಹಳೆಯ ದಸ್ತಾವೇಜೆಂದು ತೋರಿಸುವವನನ್ನು ಕೋರ್ಟು ಏನೆಂದು ಕರೆಯುತ್ತದೆ? ಭಕ್ತಿಯಿಂದ ಹುಟ್ಟಿದ ಈ ವಾದವು ಭಗವಂತನ ಮೇಲೆಯೇ ಅಸತ್ಯದ ದೋಷವನ್ನು ಹೊರಿಸಿತು. ಅವನ ಸಹಧರ್ಮಿಗಳೇ ಅದನ್ನು ಒಪ್ಪಲಿಲ್ಲ.

ಎಲ್ಲ ಕ್ರೈಸ್ತರ ಮತವಲ್ಲ

ಇಲ್ಲಿ ನ್ಯಾಯವನ್ನು ತಪ್ಪಬಾರದು. ಆರು ಸಾವಿರದ ಲೆಕ್ಕವು ಸಮಸ್ತ ಕ್ರೈಸ್ತರ ಮತವಲ್ಲ. ವಿಶ್ವವು ಹಿಗ್ಗುತ್ತಿದೆಯೆಂಬ ಸಿದ್ಧಾಂತವನ್ನು 1927ರಲ್ಲಿ ಮಂಡಿಸಿದ ಲಮೆತ್ರ್ ಕ್ಯಾಥೋಲಿಕ್ ಪಾದ್ರಿಯೇ ಆಗಿದ್ದನು. ಆ ಸಿದ್ಧಾಂತವನ್ನು ಆದಿಕಾಂಡಕ್ಕೆ ಪುರಾವೆಯಾಗಿ ಬಳಸುವುದನ್ನು ಅವನು ಒಪ್ಪಲಿಲ್ಲ. ಜೀವವಿಕಾಸವಾದವು ಕೇವಲ ಊಹೆಯಲ್ಲ, ಅದಕ್ಕಿಂತ ಮಿಗಿಲಾದುದೆಂದು ಪೋಪ್ ಎರಡನೆಯ ಜಾನ್ ಪಾಲರು 1996ರಲ್ಲಿ ಒಪ್ಪಿದರು. ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ಕಾವಿಯುಟ್ಟು ವಿರಕ್ತರಂತೆ ಬಾಳಿದ ಯೇಸುಸಭೆಯ ಪಾದ್ರಿಗಳನ್ನು ಕಂಡವರು ಕ್ರೈಸ್ತರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರರು.

ಇಂದಿನ ಅಲ್ಪಾಯು ಭೂಮಿಯ ಪ್ರಚಾರವು ಹೆಚ್ಚಾಗಿ ಅಮೆರಿಕದಿಂದ ಬಂದದ್ದು. ಅಡ್ವೆಂಟಿಸ್ಟ್ ಪಂಥದ ಜಾರ್ಜ್ ಮಕ್‌ಕ್ರೀಡಿ ಪ್ರೈಸ್ 1923ರಲ್ಲಿ ಪ್ರಳಯದಿಂದಲೇ ಎಲ್ಲ ಶಿಲಾಪದರಗಳೂ ಆದವೆಂದು ದೊಡ್ಡ ಗ್ರಂಥ ಬರೆದನು. 1961ರಲ್ಲಿ ವಿಟ್‌ಕಾಂಬ್ ಮತ್ತು ಮಾರಿಸ್ ಎಂಬಿಬ್ಬರು ಅದೇ ವಾದಕ್ಕೆ ಹೊಸ ಉಡುಪು ತೊಡಿಸಿದರು. ಈ ವಾದವನ್ನು ಸರಕಾರಿ ಶಾಲೆಗಳಲ್ಲಿ ಬೋಧಿಸುವ ಪ್ರಯತ್ನವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ತಡೆಯಿತು. 2016ರಲ್ಲಿ ಕೆಂಟಕಿ ಪ್ರಾಂತದಲ್ಲಿ ನೋಹನ ನಾವೆಯ ಮಹಾಕಾಯ ಮಾದರಿಯನ್ನೇ ಕಟ್ಟಿ ನಿಲ್ಲಿಸಲಾಯಿತು. ಹಣವು ಬೇಕಾದಷ್ಟಿದ್ದರೆ ಮರದಿಂದ ನಾವೆಯನ್ನು ಕಟ್ಟಬಹುದು, ಪ್ರಮಾಣವನ್ನು ಕಟ್ಟಲಾಗದು.

ಜಿನಸೇನರು ಕೇಳಿದ ಪ್ರಶ್ನೆಗಳು

ಭೂಮಿಯ ವಯಸ್ಸು ಆರು ಸಾವಿರವಲ್ಲವೆಂದು ತೋರಿಸಿದ ಮಾತ್ರಕ್ಕೆ ಮೂಲ ಪ್ರಶ್ನೆಯು ಮುಗಿಯುವುದಿಲ್ಲ. ಕೋಟಿ ವರ್ಷಗಳ ಹಿಂದೆ ಕರ್ತನು ಸೃಷ್ಟಿಸಿದನೆಂದರೂ ತೊಡಕು ತೊಡಕೇ. ಈ ತೊಡಕನ್ನು ಕನ್ನಡ ನಾಡಿನಲ್ಲಿಯೇ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದ ಆಚಾರ್ಯ ಜಿನಸೇನರು ಮಹಾಪುರಾಣದಲ್ಲಿ ಬಿಡಿಸಿ ಇಟ್ಟಿದ್ದಾರೆ. ಲೋಕವೇ ಇಲ್ಲದಿದ್ದಾಗ ಕರ್ತನು ಎಲ್ಲಿ ನಿಂತಿದ್ದನು? ಶರೀರವಿಲ್ಲದವನು ಮೂರ್ತವಾದ ಪದಾರ್ಥಗಳನ್ನು ಹೇಗೆ ಮಾಡಿದನು? ಸಾಮಗ್ರಿಯಿಲ್ಲದೆ ಮಾಡಿದನೆ? ಸಾಮಗ್ರಿಯನ್ನು ಮೊದಲು ಮಾಡಿಕೊಂಡನೆಂದರೆ ಆ ಸಾಮಗ್ರಿಯ ಸಾಮಗ್ರಿ ಎಲ್ಲಿಯದು? ಕೃತಕೃತ್ಯನಾದವನಿಗೆ ಮಾಡುವ ಇಚ್ಛೆಯೇಕೆ ಹುಟ್ಟಿತು? ಲೀಲೆಯೆಂದರೆ ಅದು ಬಾಲಕನ ಆಟವಾಯಿತು. ಕರುಣೆಯೆಂದರೆ ಲೋಕವು ದುಃಖದಿಂದ ತುಂಬಿರುವುದೇಕೆ? ಇದು ಆಚಾರ್ಯರ ವಾದದ ಸಾರ. 1980ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ತನ್ನ ಕಾಸ್ಮಾಸ್ ಗ್ರಂಥದ ಅಧ್ಯಾಯವೊಂದರ ಶಿರೋಭಾಗದಲ್ಲಿ ಈ ಮಾತುಗಳ ಅನುವಾದವನ್ನು ಅಚ್ಚು ಮಾಡಿಸಿದನು. ಪರದೇಶದ ವಿಜ್ಞಾನಿಗೆ ಕಂಡದ್ದು ಸ್ವದೇಶದ ಶ್ರಾವಕನಿಗೆ ಕಾಣದಿರುವುದು ಲಜ್ಜೆಯ ವಿಷಯ.

ಜೈನ ಸಿದ್ಧಾಂತದಲ್ಲಿ ಜೀವ, ಪುದ್ಗಲ, ಧರ್ಮ, ಅಧರ್ಮ, ಆಕಾಶ, ಕಾಲವೆಂಬ ಆರು ದ್ರವ್ಯಗಳಿಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಉತ್ಪಾದ ವ್ಯಯಗಳು ಪರ್ಯಾಯಗಳಿಗೆ, ಧ್ರೌವ್ಯವು ದ್ರವ್ಯಕ್ಕೆ. ಬಂಗಾರವು ಬಳೆಯಾಗುತ್ತದೆ, ಬಳೆಯು ಕರಗಿ ಸರವಾಗುತ್ತದೆ. ಬಂಗಾರದ ತೂಕವು ಖಾತೆಯಲ್ಲಿ ಹಾಗೆಯೇ ಉಳಿಯುತ್ತದೆ. ಶೂನ್ಯದಿಂದ ಲೋಕವು ಬಂದಿತೆಂಬುದು ಯಾರಿಂದಲೂ ಜಮಾ ಆಗದ ಮೊತ್ತವನ್ನು ಆರಂಭದ ಶಿಲ್ಕೆಂದು ಬರೆದಂತೆ.

ಹಿಂಸೆಯ ಮೂಲ

ಅಲ್ಪಾಯು ಭೂಮಿಯ ವಾದಿಗಳ ಒಂದು ನಂಬಿಕೆಯನ್ನು ಜೈನರು ಆದರದಿಂದ ಗಮನಿಸಬೇಕು. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮನುಷ್ಯನಿಗೂ ಮೃಗಗಳಿಗೂ ಸಸ್ಯವೇ ಆಹಾರವೆಂದು ಹೇಳಿದೆ. ಮಾಂಸಕ್ಕೆ ಅಪ್ಪಣೆ ದೊರೆತದ್ದು ಪ್ರಳಯದ ತರುವಾಯ. ಆದಾಮನ ಪಾಪಕ್ಕೆ ಮುಂಚೆ ಯಾವ ಪ್ರಾಣಿಯೂ ಸಾಯುತ್ತಿರಲಿಲ್ಲವೆಂದು ಅವರು ಹಟ ಹಿಡಿಯುವುದು ಇದರಿಂದಲೇ. ಪ್ರಾಣಿಯ ನೋವು ಅವರ ಮನಸ್ಸನ್ನು ಕಾಡಿದೆ. ಕೋಟ್ಯಂತರ ವರ್ಷಗಳ ಕಾಲ ಜೀವವು ಜೀವವನ್ನು ತಿಂದಿತೆಂದರೆ ಕರುಣಾಳುವಾದ ಕರ್ತನ ಕೀರ್ತಿಗೆ ಕುಂದು ಬರುವುದೆಂಬ ಭಯವು ಆ ಆರು ಸಾವಿರದ ಲೆಕ್ಕದ ಹಿಂದಿದೆ.

ಭಯವು ಯಥಾರ್ಥವಾದದ್ದು, ಪರಿಹಾರವು ಯಥಾರ್ಥವಲ್ಲ. ಒಬ್ಬ ಮನುಷ್ಯನ ಅಪರಾಧಕ್ಕಾಗಿ ಜಿಂಕೆಗೂ ಗುಬ್ಬಿಗೂ ಮರಣವು ಬಂದಿತೆಂಬುದು, ಮನುಷ್ಯರ ದುರಾಚಾರಕ್ಕಾಗಿ ನಾವೆಗೆ ಹತ್ತದ ಸಮಸ್ತ ಮೂಕಪ್ರಾಣಿಗಳು ಮುಳುಗಿದವೆಂಬುದು ಕರ್ತನ ಕರುಣೆಯನ್ನು ಕಾಪಾಡುವುದೆ? ಸಾಲ ಮಾಡಿದವನೊಬ್ಬ, ಜಪ್ತಿ ಇನ್ನೊಬ್ಬನ ಮನೆಗೆ. ಜಿನಧರ್ಮದಲ್ಲಿ ಇಂಥ ಜಪ್ತಿಯಿಲ್ಲ. ಪ್ರತಿಯೊಂದು ಜೀವದ ಖಾತೆಯೂ ಅದರದೇ. ಕರ್ಮಬಂಧವು ಅನಾದಿ, ಆದರೆ ಅದನ್ನು ಸವೆಯಿಸುವ ಸಾಮರ್ಥ್ಯವು ಜೀವದಲ್ಲಿಯೇ ಇದೆ. ಹಿಂಸೆಯು ಒಂದು ದಿನ ಒಬ್ಬನಿಂದ ಲೋಕಕ್ಕೆ ಬಂದದ್ದಲ್ಲ; ಆದುದರಿಂದ ಇಂದು, ತನ್ನ ಅಡುಗೆಮನೆಯಲ್ಲಿ, ತನ್ನ ಅಂಗಡಿಯಲ್ಲಿ ಅದನ್ನು ತಗ್ಗಿಸುವ ಕರ್ತವ್ಯವನ್ನು ಯಾವ ಶ್ರಾವಕನೂ ಆದಿಪುರುಷನ ಮೇಲೆ ಹೊರಿಸಿ ತಪ್ಪಿಸಿಕೊಳ್ಳುವಂತಿಲ್ಲ.

ಎರವಲು ವಾದ

ಈಗ ಮುಖ್ಯ ವಿಷಯ. ಮಂಗನಿಂದ ಮಾನವನಾದನೆಂಬುದು ಅಪಮಾನ, ಕಣ್ಣಿನಂಥ ಅದ್ಭುತ ಯಂತ್ರವು ತಾನಾಗಿ ಆಗಲಾರದು, ಗಡಿಯಾರವಿದ್ದರೆ ಗಡಿಯಾರ ಮಾಡಿದವನು ಇರಲೇಬೇಕು ಎಂಬ ಮಾತುಗಳು ಜೈನ ಮಕ್ಕಳ ಬಾಯಿಯಲ್ಲಿಯೂ ಕೇಳಿಬರುವುದುಂಟು. ಡಾರ್ವಿನ್ನನಿಗೆ ಇದು ಉತ್ತರವೆಂದು ಹಿರಿಯರು ತಲೆದೂಗುವುದುಂಟು. ಈ ವಾದಗಳ ಕೊನೆಯ ತೀರ್ಮಾನವೇನೆಂಬುದನ್ನು ಯಾರೂ ಕೇಳುವುದಿಲ್ಲ. ಗಡಿಯಾರದ ವಾದವು ಮುಟ್ಟುವುದು ಗಡಿಯಾರ ಮಾಡಿದವನನ್ನೇ. ಅದನ್ನು ಒಪ್ಪಿದವನು ಜಿನಸೇನರ ಪ್ರಶ್ನೆಗಳೆಲ್ಲವನ್ನೂ ಕೈಬಿಟ್ಟಂತಾಯಿತು. ಎರವಲು ತಂದ ಬಂಡವಾಳದಿಂದ ಸ್ವಂತ ಅಂಗಡಿಯನ್ನೇ ಹರಾಜಿಗೆ ಹಚ್ಚಿದಂತಾಯಿತು.

ವಿಕಾಸವಾದವು ಮಂಗನು ಮನುಷ್ಯನಾದನೆಂದು ಹೇಳುವುದೂ ಇಲ್ಲ. ಇಬ್ಬರಿಗೂ ಬಹು ಹಿಂದೆ ಸಮಾನ ಪೂರ್ವಜರಿದ್ದರೆಂದು ಹೇಳುತ್ತದೆ. ಅದು ಹೇಳುವುದು ಶರೀರದ ಪರ್ಯಾಯಗಳ ಕಥೆಯನ್ನು. ಚೈತನ್ಯವು ಜಡದಿಂದ ಹುಟ್ಟಿತೆಂದು ಯಾರಾದರೂ ಅದಕ್ಕೆ ಜೋಡಿಸಿದರೆ ಅಲ್ಲಿ ಜೈನನು ವಾದಿಸಲಿ. ಅದು ಅವನ ಹಕ್ಕು. ಆದರೆ ಪ್ರಾಣಿಗಳ ಸಂಬಂಧವೇ ಅಪಮಾನವೆಂಬ ಮಾತು ಜೈನನ ಬಾಯಿಗೆ ಒಪ್ಪುವುದಿಲ್ಲ. ಎಂಬತ್ತನಾಲ್ಕು ಲಕ್ಷ ಯೋನಿಗಳಲ್ಲಿ ತಾನೇ ತಿರುಗಿ ಬಂದಿರುವೆನೆಂದು ನಂಬುವವನು ಮಂಗನ ನೆಂಟಸ್ತಿಕೆಗೆ ನಾಚುವುದೇಕೆ?

ಸ್ವಂತ ಮನೆಯ ಲೆಕ್ಕ

ಅನ್ಯರ ವಹಿಯನ್ನು ಪರೀಕ್ಷಿಸುವವನು ತನ್ನ ವಹಿಯನ್ನೂ ತೆರೆದಿಡಬೇಕು. ಮೆತೂಷೆಲಹನು 969 ವರ್ಷ ಬದುಕಿದನೆಂದು ನಗುವವರು ಭಗವಾನ್ ವೃಷಭನಾಥರ ಆಯುಷ್ಯವು 84 ಲಕ್ಷ ಪೂರ್ವ, ಎತ್ತರವು 500 ಧನುಸ್ಸು ಎಂಬ ಪುರಾಣವಚನವನ್ನು ನೆನೆಯಬೇಕು. ಜಂಬೂದ್ವೀಪ, ಮೇರು, ಲವಣಸಮುದ್ರಗಳ ವರ್ಣನೆಯು ಇಂದಿನ ಭೂಗೋಳದ ನಕ್ಷೆಗೆ ಹೊಂದುವುದಿಲ್ಲ. ಹೊಂದಿಸಲೇಬೇಕೆಂದು ಹೊರಟವರು ಅಶರನ ದಾರಿಯನ್ನೇ ಹಿಡಿಯುತ್ತಾರೆ. ಅವನದು ಚಿಕ್ಕ ಸಂಖ್ಯೆ, ಇವರದು ದೊಡ್ಡ ಸಂಖ್ಯೆ, ಇಷ್ಟೇ ಭೇದ. ಹಾಗೆಯೇ, ಪಲ್ಯೋಪಮ ಸಾಗರೋಪಮಗಳನ್ನು ತೋರಿಸಿ ವಿಜ್ಞಾನವು ಈಗ ಕಂಡದ್ದನ್ನು ಜೈನರು ಮೊದಲೇ ಕಂಡಿದ್ದರೆಂದು ಬೀಗುವುದೂ ಸಲ್ಲದು. ಭೂಮಿಯ 454 ಕೋಟಿ ವರ್ಷವನ್ನು ಯಾವ ಆಗಮವೂ ಹೇಳಿಲ್ಲ.

ಪ್ರಥಮಾನುಯೋಗವು ಸತ್ಪುರುಷರ ಚರಿತ್ರೆಯಿಂದ ಶ್ರದ್ಧೆಯನ್ನು ಬೆಳೆಸಲು ಇದೆ. ಕರಣಾನುಯೋಗವು ಜೀವದ ಅಲೆದಾಟದ ಅಗಾಧತೆಯನ್ನು ಮನಗಾಣಿಸಲು ಇದೆ. ಕಾಲಚಕ್ರದ ಮುಂದೆ ಮನುಷ್ಯಜನ್ಮವು ಎಷ್ಟು ಅಲ್ಪವೆಂಬುದನ್ನು ಅರಿತವನು ಅದನ್ನು ವ್ಯರ್ಥಗೊಳಿಸಲಾರನು. ಇದೇ ಆ ಸಂಖ್ಯೆಗಳ ಪ್ರಯೋಜನ. ದ್ರವ್ಯದ ಅನಾದಿತ್ವ, ಕರ್ಮದ ನಿಯಮ, ಅಹಿಂಸೆ ಇವು ಸಿದ್ಧಾಂತದ ಅಡಿಗಲ್ಲುಗಳು. ಇವುಗಳನ್ನು ಅಳೆಯಲು ಮೇರುವಿನ ಎತ್ತರವು ಬೇಕಾಗಿಲ್ಲ. ಅನೇಕಾಂತವೆಂದರೆ ಎಲ್ಲ ಮಾತುಗಳೂ ನಿಜವೆಂಬ ಸಡಿಲ ಔದಾರ್ಯವೂ ಅಲ್ಲ. ಯಾವ ಮಾತು ಯಾವ ನಯದಿಂದ, ಎಷ್ಟರಮಟ್ಟಿಗೆ ನಿಲ್ಲುವುದೆಂಬ ವಿವೇಕವೇ ಅನೇಕಾಂತ.

ಟ್ರಸ್ಟುಗಳ ಕರ್ತವ್ಯ

ಈ ವಿಚಾರವು ಪುಸ್ತಕದಲ್ಲಿಯೇ ಉಳಿಯುವಂಥದಲ್ಲ. 2018ರ ಜನವರಿಯಲ್ಲಿ ಕೇಂದ್ರದ ಶಿಕ್ಷಣಖಾತೆಯ ರಾಜ್ಯ ಸಚಿವರೊಬ್ಬರು ಡಾರ್ವಿನ್ನನ ಸಿದ್ಧಾಂತವು ತಪ್ಪು, ಅದನ್ನು ಪಠ್ಯದಿಂದ ತೆಗೆಯಬೇಕು ಎಂದರು. ದೇಶದ ವಿಜ್ಞಾನ ಅಕಾಡೆಮಿಗಳು ಅದನ್ನು ಪ್ರತಿಭಟಿಸಿದವು. ಕೆಲ ವರ್ಷಗಳಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗವು ಹೊರಬಿದ್ದಿತು. ಅಮೆರಿಕದ ಪಾದ್ರಿಗಳಿಗೆ ಕೋರ್ಟಿನಲ್ಲಿ ದಕ್ಕದ ಫಲವು ಇಲ್ಲಿ ಕೇಳದೆಯೇ ದಕ್ಕುವಂತಾಯಿತು.

ಬಸದಿಗಳ ಟ್ರಸ್ಟುಗಳು ನಡೆಸುವ ಶಾಲೆಗಳಲ್ಲಿ ಆ ಪಾಠವನ್ನು ಬಿಡದೆ ಕಲಿಸಬೇಕು. ಪಾಠಶಾಲೆಯಲ್ಲಿ ಷಡ್ದ್ರವ್ಯಗಳನ್ನು ಕಲಿಸುವ ಗುರುಗಳು ವಿಜ್ಞಾನದ ಗುರುಗಳನ್ನು ಹಳಿಯದೆ, ಎರಡು ವಿಷಯಗಳ ಕ್ಷೇತ್ರವು ಬೇರೆಯೆಂಬುದನ್ನು ಮಕ್ಕಳಿಗೆ ತಿಳಿಸಬೇಕು. ಸಮಾಜದ ದಾನದ ಹಣದಿಂದ ಪುಸ್ತಿಕೆ ಅಚ್ಚು ಹಾಕಿಸುವ ಮೊದಲು, ಅದರೊಳಗಿನ ವಾದವು ಯಾರದು, ಅದು ಎಲ್ಲಿಗೆ ಮುಟ್ಟಿಸುವುದು ಎಂದು ವಿಚಾರಿಸಬೇಕು. ಮಿಶನ್ ಶಾಲೆಯಲ್ಲಿ ಕಲಿಯುವ ಮಗುವು ಆರು ದಿನದ ಕಥೆಯನ್ನು ಮನೆಗೆ ತಂದರೆ ತಂದೆತಾಯಿಗಳು ಸಿಡುಕದೆ ಒಂದು ರವಿವಾರ ಅದನ್ನು ನವಿಲುತೀರ್ಥಕ್ಕೆ ಕರೆದುಕೊಂಡು ಹೋಗಲಿ. ಕಲ್ಲಿನ ಮೇಲಿನ ಅಲೆಗಳನ್ನು ಕೈಮುಟ್ಟಿ ತೋರಿಸಲಿ.

ಸವದತ್ತಿಗೆ ಸುಗಂಧವರ್ತಿಯೆಂದು ಹೆಸರಿದ್ದ ಕಾಲದಲ್ಲಿ ರಟ್ಟರ ಪೃಥ್ವೀರಾಮನು ಅಲ್ಲಿ ಜಿನಾಲಯವನ್ನು ಕಟ್ಟಿಸಿದನೆಂದು ಶಾಸನವು ಹೇಳುತ್ತದೆ. ಆ ವಂಶವು ಅಳಿಯಿತು. ಹೊಳೆಯು ಕಲ್ಲನ್ನು ಸವೆಯಿಸುತ್ತ ಇಂದಿಗೂ ಹರಿಯುತ್ತಿದೆ. ದ್ರವ್ಯವು ನಿತ್ಯ, ಪರ್ಯಾಯವು ಅನಿತ್ಯವೆಂಬುದಕ್ಕೆ ತೊರಗಲ್ ನಾಡಿನ ಶ್ರಾವಕನಿಗೆ ಇದಕ್ಕಿಂತ ಹತ್ತಿರದ ಸಾಕ್ಷಿಯು ಬೇಕಾಗಿಲ್ಲ. ಸತ್ಯಾಣುವ್ರತವನ್ನು ಸ್ವೀಕರಿಸಿದವನು ತಕ್ಕಡಿಯಲ್ಲಿ ಮಾತ್ರವಲ್ಲ, ವಾದದಲ್ಲಿಯೂ ಕಳ್ಳತೂಕವನ್ನು ಬಳಸಬಾರದು.